ಬರ್ರಿ ಅಂದರೆ ಬಂದೇ ಬಿಡುವವನು

ನಮ್ಮ ಕಾಕಾನಿಗೆ ಅರ್ಧ ಬಾಗಲಕೋಟೆ ಹೆದರುತ್ತಿತ್ತು. ಪೈಲ್ವಾನನೇ? ಪೊಲೀಸನೇ? ಛೇ, ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ! ಅವನಿಗಿದ್ದದ್ದು ಒಂದೇ ರೋಗ: ಜನ ಬಾಯಿಮಾತಿಗೆ ಅಂದದ್ದನ್ನೆಲ್ಲ ಖರೇ ಅಂತ ನಂಬಿಬಿಡುವುದು.

ನಮ್ಮ ಕಡೆ ಉಣ್ಣುವಾಗ ಯಾರಾದರೂ ಎದುರಾದರೆ "ಬರ್ರಿ, ಊಟ ಮಾಡೂಣು" ಅನ್ನಬೇಕು. ಅವರು "ಈಗ ಆತ್ರಿ, ನೀವು ಮಾಡ್ರಿ" ಅನ್ನಬೇಕು. ಹೊಟ್ಟೆ ತಾಳ ಹಾಕುತ್ತಿದ್ದರೂ ಹಾಗೇ ಅನ್ನಬೇಕು! ಕಾಕಾ ಮಾತ್ರ ಚಪ್ಪಲಿ ಬಿಟ್ಟು ಬಂದೇ ಬಿಡುತ್ತಿದ್ದ. ಒಮ್ಮೆ ಕುಳಗೇರಿ ಕ್ರಾಸಿನಲ್ಲಿ ಯಾರೋ ಅಪರಿಚಿತರು ಬುತ್ತಿ ಬಿಚ್ಚಿ ಕರೆದದ್ದೇ ತಡ, ಪಕ್ಕದಲ್ಲಿ ಕೂತು ರೊಟ್ಟಿ ಮುರಿದ. ಮೇಲಿಂದ "ಚಟ್ನಿಗೆ ಉಪ್ಪು ಕಡಿಮಿ ಆಗೇತ್ರಿ" ಅಂದ!

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವನು ಇವನೇ. ಹಾಗಾಗಿ ನನ್ನ ಮದುವೆಯ ಮಾತಿಗೆ ಕೂತವನೂ ಇವನೇ. ಇಳಕಲ್ಲಿನ ಸೀರೆ ವ್ಯಾಪಾರಿಗಳ ಮನೆತನ. ಗಂಡಿನ ಅಪ್ಪ ಮೀಸೆ ತಿರುವುತ್ತ, "ನಮಗೇನೂ ಬ್ಯಾಡ್ರಿ, ಹುಡುಗಿ ಕೊಟ್ರ ಸಾಕು" ಅಂದರು. "ಹಂಗಂದ್ರ ಹೆಂಗ್ರಿ, ನಮ್ಮ ಕೈಲಾದದ್ದು ಮಾಡ್ತೇವಿ" ಅನ್ನುವುದು ಪದ್ಧತಿ. ಕಾಕಾ ಎದ್ದು ಅವರನ್ನು ತಬ್ಬಿಕೊಂಡು, "ದೇವರಂಥಾ ಮನಷ್ಯಾರ್ರಿ ನೀವು!" ಅಂದುಬಿಟ್ಟ. ಅವ್ವ ಬಾಗಿಲ ಹಿಂದಿನಿಂದ ಕೆಮ್ಮಿ ಸನ್ನೆ ಮಾಡಿದಳು.

ಕಾಕಾ ತನ್ನ ಅತ್ತಿಗೆಗಾಗಿ ಗಾಬರಿಯಾದ: "ವೈನಿಗೆ ನೀರು ಕೊಡ್ರ್ಯಪಾ, ಕೆಮ್ಮು ಹತ್ತೇತಿ!"

ಒಂದು ಉಂಗುರವನ್ನೂ ಕಾಣದೆ ಮದುವೆಯ ದಿನ ಬೀಗರ ಮುಖ ಗಂಟಿಕ್ಕಿತು. "ನಮಗ ಹಸಿವಿಲ್ಲ, ಊಟ ಬ್ಯಾಡ" ಎಂದು ಕೂತರು. ಕೈ ಹಿಡಿದು ಎಬ್ಬಿಸಿದ್ದರೆ ಮುಗಿಯುತ್ತಿತ್ತು. ಕಾಕಾ ಬಡಿಸುವವರಿಗೆ ಕೂಗಿದ: "ಬೀಗರ ಎಲಿ ತಗೀರ್ಯಪಾ, ಅವರಿಗೆ ಹೊಟ್ಟಿ ಚಲೋ ಇಲ್ಲಂತ. ಲಿಂಬು ಶರಬತ್ತು ಕೊಡ್ರಿ!"

ನನ್ನನ್ನು ಕಳಿಸುವಾಗ ಮಾತ್ರ ಕೂಸಿನಂತೆ ಅತ್ತ. ಸಮಾಧಾನಕ್ಕೆ ಎಲ್ಲ ಹೆಣ್ಣುಮಕ್ಕಳೂ ಅನ್ನುವಂತೆ ನಾನೂ ಅಂದೆ: "ಅಳಬ್ಯಾಡ ಕಾಕಾ, ನಾಳಿನ ಬಂದುಬಿಡ್ತೇನಿ." ಯಾರಿಗೆ ಅಂದೆ ನೋಡಿ!

ಇಳಕಲ್ಲಿನಲ್ಲಿ ಮಾವನವರು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಈ ಮನೆಯಲ್ಲಿ ಬಾಳುವುದು ಹೇಗಪ್ಪಾ ಎಂದು ನನಗೆ ದಿಗಿಲು. ಅಂಥದರಲ್ಲಿ ಒಂದು ಸಂಜೆ ಬಾಗಿಲಲ್ಲಿ ಕಾಕಾ! ಕೈಯಲ್ಲಿ ಹೋಳಿಗೆಯ ಡಬ್ಬಿ.

"ನಾಳಿ ಬರ್ತೇನಿ ಅಂದಿದ್ಯಲ್ಲ ಮಗಳ. ಇಳಕಲ್ ಬಸ್ಸು ಒಂದೂ ಬಿಡದಂಗ ನೋಡಿದೆ. ಆರಾಮ ಅದಿಯೋ ಇಲ್ಲೋ ಅಂತ ಜೀವ ತಡೀಲಿಲ್ಲ. ಹೋಳಿಗಿ ಗಟ್ಟಿ ಆಗ್ಯಾವು ನೋಡು."

ನನಗೆ ಅಳು ತಡೆಯಲಿಲ್ಲ. ಅಷ್ಟರಲ್ಲಿ ಮಾವನವರು ಹೊರಗೆ ಬಂದರು. ಕಾಕಾನನ್ನು ನೋಡಿದರು, ಡಬ್ಬಿಯನ್ನು ನೋಡಿದರು.

"ಖರೇನ ನಾಳಿ ಬರ್ತೇನಿ ಅಂದಿದ್ಯೇನವಾ?" ಮದುವೆಯಾದ ಮೇಲೆ ನನ್ನ ಜೊತೆ ಅವರು ಆಡಿದ ಮೊದಲ ಮಾತು ಅದು.

"ಹೂಂರಿ ಮಾವಾರ. ಸುಮ್ನ ಬಾಯಿಮಾತಿಗೆ ಅಂದಿದ್ದೆ."

ಅವರು ಮೀಸೆ ತಿರುವಿದರು. "ಏನೂ ಬ್ಯಾಡ ಅಂತ ನಾನೂ ಬಾಯಿಮಾತಿಗೇ ಅಂದಿದ್ದೆ" ಅಂದರು. "ಈ ಮನಷ್ಯಾ ನಮ್ಮಿಬ್ಬರನ್ನೂ ನಂಬ್ಯಾನ. ಮುಂಜಾನಿ ಇವರ ಜೋಡಿ ಹೋಗಿ ನಾಕು ದಿನ ಇದ್ದು ಬಾರವಾ."

ಆಮೇಲೆ ಕಾಕಾನ ಕಡೆ ತಿರುಗಿ, "ಒಳಗ ಬರ್ರಿ ಬೀಗರ, ಊಟ ಮಾಡೂಣು" ಅಂದರು.

ಕಾಕಾ ಆಗಲೇ ಚಪ್ಪಲಿ ಬಿಟ್ಟಿದ್ದ.