ಗಾಳಿಯಲ್ಲಿ ದಾರಿ ಹೊಲಿದ ದೊಡ್ಡಮ್ಮ

ನನ್ನ ದೊಡ್ಡಮ್ಮ ದಿನಕ್ಕೆ ನೂರಾರು ಜನರಿಗೆ ಟಿಕೆಟ್ ಕೊಟ್ಟು ಒಳಗೆ ಕರೆದು ಬರೀ ಗಾಳಿಯ ಮೇಲೆ ನಡೆಸುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ನನಗೇನು! ಕುದ್ರೋಳಿಯಲ್ಲಿರುವ ಅವರ ಟೈಲರಿಂಗ್ ಅಂಗಡಿಗೆ ಒಮ್ಮೆ ಹೋಗಿ ನೋಡಿ. ಹೊಲಿಗೆ ಮೆಷಿನಿನ ಪಕ್ಕದಲ್ಲಿ ಒಂದು ಲ್ಯಾಪ್‌ಟಾಪ್, ಅದರೊಳಗೆ ಒಂದು ಅಮ್ಯೂಸ್‌ಮೆಂಟ್ ಪಾರ್ಕು. ಅಲ್ಲಿ ಜನ ಮೂರು ಮಾಳಿಗೆ ಎತ್ತರದಲ್ಲಿ, ಕಾಲಡಿಯಲ್ಲಿ ಏನೇನೂ ಇಲ್ಲದೆ, ಬಲೂನು ಹಿಡಿದುಕೊಂಡು ಆರಾಮಾಗಿ ತಿರುಗಾಡುತ್ತಿರುತ್ತಾರೆ.

ಲ್ಯಾಪ್‌ಟಾಪ್ ದುಬೈಯಲ್ಲಿರುವ ಅವರ ಮಗಳು ರಜೆಯಲ್ಲಿ ಬಂದಾಗ ವೀಡಿಯೊ ಕಾಲ್ ಮಾಡಲಿಕ್ಕೆಂದು ಬಿಟ್ಟುಹೋದದ್ದು. ಪಾರ್ಕು ಕಟ್ಟುವ ಈ ಆಟ ಅದರಲ್ಲಿ ಮೊದಲೇ ಇತ್ತು. ಈಗ ಮಗಳು ಕರೆ ಮಾಡಿದರೆ ತಾಯಿಗೆ ಪುರುಸೊತ್ತಿಲ್ಲ! "ಮತ್ತೆ ಮಾಡು ಮಾರಾಯ್ತಿ, ಇಲ್ಲಿ ರೋಲರ್ ಕೋಸ್ಟರ್ ಅರ್ಧದಲ್ಲಿ ಉಂಟು" ಎಂದು ಫೋನ್ ಇಡುತ್ತಾರೆ.

ಆದರೆ ಗಾಳಿಯಲ್ಲಿ ಯಾಕೆ ನಡೆಸಬೇಕು? ಅದಕ್ಕೆ ದೊಡ್ಡಮ್ಮನ ಕಸುಬು ಗೊತ್ತಿರಬೇಕು. ಸೀರೆಗೆ ಫಾಲ್ ಹಾಕುವುದರಲ್ಲಿ ಅವರಿಗೆ ಸಮ ಇನ್ನೊಬ್ಬರಿಲ್ಲ. ಫಾಲ್ ಅಂಚಿಗೆ ಭದ್ರವಾಗಿ ಕೂತಿರುತ್ತದೆ, ಆದರೆ ಮೇಲಿನಿಂದ ಭೂತಗನ್ನಡಿ ಹಿಡಿದು ಹುಡುಕಿದರೂ ಒಂದು ಹೊಲಿಗೆ ಸಿಗುವುದಿಲ್ಲ. ಸಿಕ್ಕಿತೋ, ಅಂದು ಅವರಿಗೆ ಊಟ ಸೇರುವುದಿಲ್ಲ. ಮದುವೆಮನೆಗೆ ಹೋದರೆ ಮದುಮಗಳ ಮುಖ ನೋಡುವ ಮೊದಲು ಅವಳ ಸೀರೆಯ ಅಂಚು ಮಗುಚಿ ನೋಡುವ ಹೆಂಗಸು ಇವರೊಬ್ಬರೇ!

ಇಂಥವರ ಕೈಗೆ ಆಟ ಸಿಕ್ಕಿತು. ಮೊದಲ ರೋಲರ್ ಕೋಸ್ಟರ್ ಎದ್ದು ನಿಂತಾಗ ಅವರು ಮೂಗು ಮುರಿದರು.

"ಎಂತ ಇದು? ಹಳಿ ಎಲ್ಲ ಹೊರಗೆ ಕಾಣ್ತದೆ! ನಾಚಿಕೆ ಆಗ್ಬೇಕು!"

"ಹಳಿ ಕಾಣದಿದ್ದರೆ ಬಂಡಿ ಹೇಗೆ ಓಡ್ತದೆ ದೊಡ್ಡಮ್ಮ?"

"ಹೊಲಿಗೆ ಕಾಣದೆ ಫಾಲ್ ನಿಲ್ಲುವುದಿಲ್ವಾ?"

ಈ ತರ್ಕಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಕುದ್ರೋಳಿಗೆ ಹೋಗಿ ಹೇಳಿ ಬನ್ನಿ. ನಾಲ್ಕು ದಿನ ಅದನ್ನೊತ್ತಿ ಇದನ್ನೊತ್ತಿ, ಹಳಿಯ ತುಂಡನ್ನು ಮರೆಮಾಡುವ ಉಪಾಯವನ್ನು ಅವರೇ ಕಂಡುಹಿಡಿದರು. ಮರೆಮಾಡಿದ ಮೇಲೆ ಹಳಿ ಇರುತ್ತದೆ, ಕಾಣುವುದಿಲ್ಲ. ಹಳಿ ಆಯಿತು, ಕಂಬ ಆಯಿತು, ಕಂಬದ ಮೇಲೆ ಎತ್ತರದಲ್ಲಿ ನಡೆಯುವ ದಾರಿಯೂ ಆಯಿತು. ಒಂದೇ ವಾರದಲ್ಲಿ ಇಡೀ ಪಾರ್ಕು ಆಕಾಶಕ್ಕೇರಿತು!

ಕಾಣದ ದಾರಿ ಕಟ್ಟಿದವರಿಗೂ ಕಾಣುವುದಿಲ್ಲ ಎಂಬ ಸಣ್ಣ ತೊಂದರೆ ಆಮೇಲೆ ಗೊತ್ತಾಯಿತು. ದೊಡ್ಡಮ್ಮ ಹೆದರುವವರೇ? ಟೈಲರ್ ಚಾಕ್ ತೆಗೆದು, ದಾರಿ ಇದ್ದಲ್ಲೆಲ್ಲ ಲ್ಯಾಪ್‌ಟಾಪಿನ ಪರದೆಯ ಮೇಲೇ ಗೆರೆ ಎಳೆದರು. ಅಳತೆ ಟೇಪು ಹಿಡಿದು ಐಸ್‌ಕ್ರೀಮ್ ಅಂಗಡಿಯ ಜಾಗಕ್ಕೆ ಗುರುತು ಹಾಕಿದರು. ಎಲ್ಲ ಸರಿ. ಆದರೆ ಪರದೆಯಲ್ಲಿ ಪಾರ್ಕನ್ನು ಒಂದಿಷ್ಟು ಬಲಕ್ಕೆ ಸರಿಸಿದಾಗ ಪಾರ್ಕು ಸರಿಯಿತು, ಚಾಕಿನ ಗೆರೆ ಅಲ್ಲೇ ಉಳಿಯಿತು! ಅದನ್ನು ನಂಬಿ ಕಟ್ಟಿದ ಐಸ್‌ಕ್ರೀಮ್ ಅಂಗಡಿ ಹೋಗಿ ಕೆರೆಯ ನಡುವೆ ಕೂತಿತು. ಶೌಚಾಲಯಕ್ಕೆ ಹೋಗುವ ದಾರಿ ನಡುಗಾಳಿಯಲ್ಲಿ ತುಂಡಾಯಿತು. ಅಲ್ಲಿ ಸಾಲು ಸಾಲು ಜನ ನಿಂತು, ಮುಖ ಕೆಂಪು ಮಾಡಿಕೊಂಡು ಕುಣಿಯುತ್ತಿದ್ದರು.

ಆಗಲೇ ಬ್ಲೌಸಿಗೆ ಬಂದ ಗಿರಾಕಿ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು.

"ನನ್ನ ಬ್ಲೌಸ್ ಆಯ್ತಾ?"

"ಒಂದು ನಿಮಿಷ ನಿಲ್ಲಿ. ಇಷ್ಟು ಜನ ಮೂತ್ರಕ್ಕೆ ಅವಸರವಾಗಿ ನಿಂತಿದ್ದಾರೆ, ನಿಮಗೆ ಬ್ಲೌಸಿನ ಚಿಂತೆ!"

ಆ ಹೆಂಗಸು ಹಿಂದೆ ತಿರುಗಿ ಖಾಲಿ ರಸ್ತೆಯನ್ನು ನೋಡಿದರು. ಮತ್ತೆ ಒಂದು ತಿಂಗಳು ಅಂಗಡಿ ಕಡೆ ತಲೆಹಾಕಲಿಲ್ಲ.

ಇಷ್ಟೆಲ್ಲ ನಗುವ ನಾನು ಮನೆಗೆ ಬಂದರೆ ನಗುವುದಿಲ್ಲ. ಕಾಟಿಪಳ್ಳದ ನಮ್ಮ ಮನೆಯಲ್ಲಿ ಅಮ್ಮ ಇದ್ದಾರೆ, ದೊಡ್ಡಮ್ಮನ ಒಬ್ಬಳೇ ತಂಗಿ. ಹೋದ ಮಳೆಗಾಲದಲ್ಲಿ ಅಂಗಳಕ್ಕಿಳಿಯುವ ಮೆಟ್ಟಿಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರು. ಎಲುಬು ಕೂಡಿತು. ಡಾಕ್ಟರು, "ಇನ್ನು ನಡೆಯಿರಿ, ಕೂತರೆ ಕೂತೇ ಹೋಗ್ತೀರಿ" ಎಂದರು. ಅಮ್ಮ ಮಾತ್ರ ಹೊಸ್ತಿಲು ದಾಟಲಿಲ್ಲ. ಇರುವುದು ಐದೇ ಮೆಟ್ಟಿಲು! ನಾನು ಕೆಲಸ ಮಾಡುವ ಬೈಕಂಪಾಡಿಯ ವರ್ಕ್‌ಶಾಪಿನಿಂದ ಕಬ್ಬಿಣದ ಪೈಪು ತಂದು ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲಿಕ್ಕೆ ಹಾಕಿಸಿಕೊಟ್ಟೆ. ಅಮ್ಮ ಹೊಸ್ತಿಲೊಳಗೆ ನಿಂತು ಕೈಚಾಚಿ ಅದರ ಮೇಲೆ ಟವೆಲು ಒಣಗಿಸಿದರು.

ಪ್ರತಿ ಭಾನುವಾರ ದೊಡ್ಡಮ್ಮ ಬಸ್ಸು ಹತ್ತಿ ಬಂದು, ಕೆರೆಯಲ್ಲಿ ಕೂತ ಐಸ್‌ಕ್ರೀಮ್ ಅಂಗಡಿಯವರೆಗೆ ಪಾರ್ಕಿನ ಕತೆಯೆಲ್ಲ ಹೇಳಿ, ಕೊನೆಗೆ ತಂಗಿಗೆ ತುಳುವಿನಲ್ಲಿ ಬೈಯುತ್ತಿದ್ದರು. ಆ ಬೈಗುಳವನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ, ಬಿಡಿ. ಬೈದು ಬೈದು ಸುಸ್ತಾಗಿ ಒಂದು ಭಾನುವಾರ ಲ್ಯಾಪ್‌ಟಾಪನ್ನೇ ಹೊತ್ತು ತಂದರು.

"ನೋಡು, ಇದು ನೀನು. ನಿನ್ನ ಹೆಸರೇ ಇಟ್ಟಿದ್ದೇನೆ" ಎಂದು ಪಾರ್ಕಿನ ಒಬ್ಬ ಪುಟ್ಟ ಹೆಂಗಸನ್ನು ತೋರಿಸಿದರು. ಹಸಿರು ಅಂಗಿ ತೊಟ್ಟ ಅಮ್ಮ ಗಾಳಿಯಲ್ಲಿ ಜುಮ್ಮೆಂದು ನಡೆಯುತ್ತಿದ್ದರು. "ಹೇಗೆ ಹೋಗ್ತಿ ನೋಡು! ಸೊಂಟ ಇಲ್ಲ, ನೋವಿಲ್ಲ!"

ಅಮ್ಮ ಕಣ್ಣು ಮುಚ್ಚಿಕೊಂಡುಬಿಟ್ಟರು. "ಬೇಡ ಅಕ್ಕಾ, ತೆಗಿ ಅದನ್ನು. ಕಾಲಡಿಯಲ್ಲಿ ಎಂತದ್ದೂ ಇಲ್ಲ. ನನಗೆ ಆ ಮೆಟ್ಟಿಲಿನ ಬಾಯಿಗೆ ಬಂದರೆ ದಿನಾ ಹೀಗೇ ಆಗುವುದು."

ದೊಡ್ಡಮ್ಮ ಲ್ಯಾಪ್‌ಟಾಪ್ ಮುಚ್ಚಿ, ಚಾ ಕೂಡ ಕುಡಿಯದೆ ಬಸ್ಸಿಗೆ ಹೋದರು.

ಮರುದಿನ ಸೋಮವಾರ. ಅಂಗಡಿಗೆ ಬೀಗ ಹಾಕಿ ಬೆಳಿಗ್ಗೆಯೇ ಹಾಜರು! ಚೀಲದಿಂದ ಕೆಂಪು ಬಟ್ಟೆಯ ಸುರುಳಿ ತೆಗೆದು, ಬಿಸಿಲಲ್ಲಿ ಕೂತು, ಕಬ್ಬಿಣದ ಪೈಪಿಗೆ ಮೇಲಿನಿಂದ ಕೆಳಗಿನವರೆಗೆ ಸುತ್ತಿ ಹೊಲಿಯತೊಡಗಿದರು. ಗೋಣಿ ಹೊಲಿಯುವ ದಬ್ಬಣ, ದಪ್ಪ ಬಿಳಿ ನೂಲು, ಒಂದೊಂದು ಹೊಲಿಗೆ ಒಂದೊಂದು ಬೆರಳುದ್ದ. ಐದೂ ಮೆಟ್ಟಿಲಿನ ಅಂಚಿಗೆ ಕೆಂಪು ಪೇಂಟು ಬಳಿದರು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುವ ಹಾಗಾಯಿತು.

ಸಂಜೆ ಪೇಂಟು ಒಣಗಿತು. ಅಮ್ಮ ಬಾಗಿಲಿಗೆ ಬಂದರು. "ಎಂತ ಹೊಲಿಗೆ ಅಕ್ಕಾ ಇದು, ಅಸಹ್ಯ! ಊರಿಗೆಲ್ಲ ಕಾಣ್ತದೆ."

"ಊರಿಗೆ ಯಾಕೆ? ನಿನಗೆ ಕಾಣ್ಲಿ ಅಂತ ಹಾಕಿದ್ದು. ಹೊಲಿಗೆ ಹಿಡ್ಕೊಂಡು ಬಾ."

ದೊಡ್ಡಮ್ಮ ಅಂಗಳದಲ್ಲಿ ಎರಡೂ ಕೈ ಚಾಚಿ, ಅಮ್ಮನನ್ನು ಮುಟ್ಟದೆ ನಿಂತರು. ಅಮ್ಮ ಒಂದೊಂದೇ ಹೊಲಿಗೆಯನ್ನು ಬೆರಳಲ್ಲಿ ತಡವುತ್ತಾ ಒಂದು ಮೆಟ್ಟಿಲು ಇಳಿದರು. ಎರಡು. ಮೂರರಲ್ಲಿ ಸ್ವಲ್ಪ ನಿಂತರು. ನಾಲ್ಕು. ಐದು. ಹತ್ತು ತಿಂಗಳ ನಂತರ ಅಮ್ಮನ ಕಾಲು ಅಂಗಳದ ಮಣ್ಣು ಮುಟ್ಟಿತು.

ಅಮ್ಮ ಅತ್ತಿತ್ತ ನೋಡಿ, ಗತ್ತಿನಿಂದ ಕೇಳಿದರು: "ಐಸ್‌ಕ್ರೀಮ್ ಅಂಗಡಿ ಎಲ್ಲಿ? ಕೆರೆಯಲ್ಲಿ ಕಟ್ಟಿದ್ದಿಯಾ?"

ದೊಡ್ಡಮ್ಮ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪಿನಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದರು.