ತಿಮ್ಮಪ್ಪನ ನಡಿಗೆಗೆ ಟೈರಿನ ಪುಡಿ

ಇಪ್ಪತ್ತೆರಡು ವರ್ಷದಿಂದ ಬೇಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವವಳು ನಾನು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಕ್ರಮಬದ್ಧವಾಗಿ ಅರ್ಜಿ ಬರೆದರೆ ಈ ಜಗತ್ತಿನಲ್ಲಿ ಆಗದ ಕೆಲಸವಿಲ್ಲ ಎಂದು ನಂಬಿದ್ದೆ. ಕುದುರೆಯ ಕಾಲುನೋವನ್ನೂ ಅರ್ಜಿಯಿಂದಲೇ ವಾಸಿ ಮಾಡಲು ಹೊರಟಿದ್ದೆ ಎಂದರೆ ಆ ನಂಬಿಕೆ ಎಷ್ಟು ಗಟ್ಟಿಯಾಗಿತ್ತು ನೋಡಿ!

ಕುದುರೆ ನಮ್ಮನೆಯವರದು. ಮಾಲೇಕಲ್ಲು ತಿರುಪತಿಗೆ ಹೋಗಿ ಬರುವಾಗ ಅರಸೀಕೆರೆಯಲ್ಲಿ, ಜಟಕಾ ಓಡಿಸುವುದನ್ನು ಬಿಟ್ಟವರೊಬ್ಬರಿಂದ ಕೊಂಡು ತಂದಿದ್ದರು. ಅದಕ್ಕೇ ಅವನ ಹೆಸರು ತಿಮ್ಮಪ್ಪ. ನಮ್ಮ ಹಳೇಬೀಡಿನ ಸುತ್ತಮುತ್ತ ಎಷ್ಟೋ ಮದುವೆ ಗಂಡುಗಳನ್ನು ಹೊತ್ತು ಮೆರವಣಿಗೆ ಹೋಗಿದ್ದಾನೆ. ರಜೆಯಲ್ಲಿ ಪ್ರವಾಸಿಗರ ಮಕ್ಕಳನ್ನು ಹೊತ್ತು ಒಂದೊಂದು ಸುತ್ತು ಹಾಕಿಸಿದ್ದಾನೆ.

ನಮ್ಮನೆಯವರು ಹೋದದ್ದು ಕಾರ್ತೀಕದಲ್ಲಿ. ಎದೆನೋವು ಎಂದರು. ಹಾಸನ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಕುದುರೆಯ ಬಗ್ಗೆ ಬರೆಯುತ್ತೇನೆ.

ಅವರು ಹೋದ ಮೇಲೆ ತಿಮ್ಮಪ್ಪ ಕಟ್ಟಿದಲ್ಲೇ ನಿಂತ. ಹುಲ್ಲು, ನೀರು, ಹುರುಳಿ ಎಲ್ಲ ಹೊತ್ತಿಗೆ ಸರಿಯಾಗಿ ಕೊಟ್ಟೆ. ಆದರೂ ಶಿವರಾತ್ರಿ ಹೊತ್ತಿಗೆ ಮುಂಗಾಲಿನಲ್ಲಿ ಕುಂಟತೊಡಗಿದ. ದನದ ಡಾಕ್ಟರು ಬಂದು ಕಾಲು ಎತ್ತಿ, ಮಡಿಸಿ, ಒತ್ತಿ ನೋಡಿದರು.

"ಗಟ್ಟಿ ನೆಲದಲ್ಲಿ ನಿಂತೂ ನಿಂತೂ ಕೀಲು ಹಿಡ್ಕೊಂಡಿದೆ ಕಣಮ್ಮ. ಮೆತ್ತಗಿರೋ ನೆಲದ ಮೇಲೆ ದಿನಾ ಅರ್ಧ ಗಂಟೆ ನಡೆಸಿ. ಯುಗಾದಿ ಕಳೆದ್ರೂ ಸರಿಹೋಗ್ಲಿಲ್ಲ ಅಂದ್ರೆ, ಇಟ್ಕೊಂಡು ಅದಕ್ಕೂ ಹಿಂಸೆ, ನಿಮಗೂ ಹಿಂಸೆ."

ಅರಸೀಕೆರೆಯ ದಲ್ಲಾಳಿಯೊಬ್ಬ ಆಗಲೇ ಎರಡು ಸಲ ಬಂದು ಹೋಗಿದ್ದ. ಕುಂಟುವ ಕುದುರೆಯನ್ನು ಎಲ್ಲಿಗೆ ಒಯ್ಯುತ್ತೀಯ ಎಂದು ನಾನು ಅವನನ್ನು ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾನು ಎಂಬ ಭಯ.

ನಮ್ಮ ಹಿತ್ತಿಲೋ, ಗುದ್ದಲಿ ಹಾಕಿದರೆ ಕಿಡಿ ಹಾರುವಂಥದ್ದು. ಮೆತ್ತನೆಯ ನೆಲ ಎಲ್ಲಿಂದ ತರಲಿ? ಆಗ ಕಚೇರಿಗೆ ಬರುವ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಹೊರದೇಶಗಳಲ್ಲಿ ಕುದುರೆ ಸವಾರಿಯ ಅಂಗಳಕ್ಕೆ ಹಳೇ ಟೈರಿನ ಚೂರು, ಬಟ್ಟೆಯ ಚಿಂದಿ ಹಾಸುತ್ತಾರಂತೆ. ಕಾಲಿಗೂ ಸುಖ, ಕಸಕ್ಕೂ ಒಂದು ಗತಿ. ಕೊನೆಯ ಸಾಲಿನಲ್ಲಿ, ಇದಕ್ಕೆ ಪರಿಸರದ ನಿಯಮಗಳಿವೆ ಎಂದಿತ್ತು. ಬೇರೆಯವರಾಗಿದ್ದರೆ ಆ ಸಾಲನ್ನು ಓದದೆ ಬಿಡುತ್ತಿದ್ದರು. ನನಗೆ ಮೈ ಜುಮ್ಮೆಂದದ್ದು ಆ ಸಾಲಿಗೇ!

ಅಂದೇ ಹಾಸನದ ಪರಿಸರ ಕಚೇರಿಗೆ ಅರ್ಜಿ ಬರೆದೆ. 'ವಿಷಯ: ತಿಮ್ಮಪ್ಪ ಎಂಬ ಕುದುರೆಯ ನಡಿಗೆಗಾಗಿ ಹಿತ್ತಿಲಿಗೆ ತ್ಯಾಜ್ಯ ರಬ್ಬರ್ ಪುಡಿ ಹಾಸಲು ಅನುಮತಿ ಕೋರಿ.' ಮೂರು ಪ್ರತಿ. ಜೊತೆಗೆ ಹಿತ್ತಿಲಿನ ಕೈನಕ್ಷೆ. ಕೊನೆಯಲ್ಲಿ 'ತಮ್ಮ ಆದೇಶ ಬಂದ ನಂತರವಷ್ಟೇ ಮುಂದಿನ ಕ್ರಮ ಕೈಗೊಳ್ಳುವೆನು' ಎಂದು ಸೇರಿಸಿದೆ. ಹಾಗೆ ಬರೆದರೆ ಅರ್ಜಿಗೊಂದು ಗಾಂಭೀರ್ಯ ಬರುತ್ತದೆ.

ಪಕ್ಕದ ಮನೆಯ ನಿಂಗಮ್ಮ ಬೇಲಿಯ ಮೇಲಿಂದ ಇಣುಕಿ ವಿಷಯ ತಿಳಿದುಕೊಂಡಳು.

"ಅಲ್ಲ ಕಣಕ್ಕ, ನಿಮ್ ಹಿತ್ಲಿಗೆ ನೀವು ಪುಡಿ ಸುರ್ಕೊಳ್ಳಕ್ಕೆ ಹಾಸನದೋರ್ನ ಯಾಕ್ ಕೇಳ್ಬೇಕು? ನೀವು ಹೇಳ್ದಿದ್ರೆ ಅವ್ರಿಗೆ ಹೆಂಗ್ ಗೊತ್ತಾಯ್ತದೆ?"

"ನಿಯಮ ಅಂದ್ರೆ ನಿಯಮ, ನಿಂಗಮ್ಮ."

"ಹಂಗಾರೆ ಕುದ್ರೆ ಸಯೀನೂ ಹಾಕ್ಸಿ!"

ಎರಡು ವಾರ ಕಳೆಯಿತು. ಉತ್ತರವಿಲ್ಲ. ಯುಗಾದಿ ಹತ್ತಿರ ಬರುತ್ತಿತ್ತು. ಟಪಾಲಿನ ಮೇಜಿನ ಹಿಂದೆ ಕೂತು 'ಸ್ವಲ್ಪ ಕಾಯಿರಿ' ಎಂದು ಊರಿಗೆಲ್ಲ ಹೇಳಿದವಳಿಗೆ ಎರಡು ವಾರ ಕಾಯಲಾಗಲಿಲ್ಲ! ಅರಸೀಕೆರೆಗೆ ಹೋದೆ. ಅಲ್ಲಿ ಹಳೇ ಟೈರನ್ನು ಉಜ್ಜಿ ಹೊಸ ರಬ್ಬರು ಕೂರಿಸುವ ಅಂಗಡಿಯಲ್ಲಿ ಪುಡಿಯ ಗುಡ್ಡವೇ ಇತ್ತು.

"ಪುಣ್ಯಾತ್ಗಿತ್ತಿ, ತಗೊಂಡೋಗಿ! ಸುಡಂಗಿಲ್ಲ, ಎಸಿಯಂಗಿಲ್ಲ, ನಮ್ಗೂ ಸಾಕಾಗೈತೆ" ಎಂದು ಅಂಗಡಿಯವನು ತಾನೇ ಹನ್ನೆರಡು ಮೂಟೆ ತುಂಬಿಸಿ ಟೆಂಪೋಗೆ ಏರಿಸಿಕೊಟ್ಟ. ಇಷ್ಟು ಸಂತೋಷದಿಂದ ಕೊಡುತ್ತಿದ್ದಾನೆಂದರೆ ಏನೋ ಇದೆ ಎಂದು ನನಗೆ ಹೊಳೆಯಬೇಕಿತ್ತು.

ಭಾನುವಾರ ಬೆಳಗ್ಗೆ ಹಿತ್ತಿಲಿಗೆ ಪುಡಿ ಹಾಸಿದೆ. ಕಪ್ಪು ರತ್ನಗಂಬಳಿ! ತಿಮ್ಮಪ್ಪನನ್ನು ಹಿಡಿದು ತಂದೆ. ಅವನು ಬಗ್ಗಿ ಮೂಸಿದ. ನನ್ನ ಮುಖ ನೋಡಿದ. ಆಮೇಲೆ ಸೀನಿದ.

ಕುದುರೆಯ ಸೀನು ಸಣ್ಣದಲ್ಲ. ಅರ್ಧ ಮೂಟೆಯಷ್ಟು ಪುಡಿ ಮೇಲೆದ್ದಿತು. ಅದೇ ಹೊತ್ತಿಗೆ ಗಾಳಿಯೂ ಬೀಸಿತು. ಬೇಲಿಯಾಚೆ ನಿಂಗಮ್ಮ ಮಂಚದ ಮೇಲೆ ಸಂಡಿಗೆ ಒಣಹಾಕಿದ್ದಳು. ನಾನು ನೋಡಿದೆ. ನೋಡಿದ್ದನ್ನು ಹೇಳಲಿಲ್ಲ. ಆದೇಶಕ್ಕೆ ಕಾಯದೆ ಪುಡಿ ತಂದದ್ದು ಮೊದಲನೆಯದಾದರೆ, ಇದು ನನ್ನ ಎರಡನೆಯ ಅಪರಾಧ.

ತಿಮ್ಮಪ್ಪ ಪುಡಿಯ ಮೇಲೆ ಕಾಲಿಡಲಿಲ್ಲ. ಬೆಲ್ಲ ತೋರಿಸಿದೆ, ಕತ್ತು ಚಾಚಿ ಬೆಲ್ಲ ತಿಂದ, ಕಾಲು ಇದ್ದಲ್ಲೇ ಇತ್ತು. ಹೇಗೆ ನಡೆಯಬೇಕೆಂದು ತೋರಿಸಲು ನಾನೇ ನಾಲ್ಕು ಸುತ್ತು ಹಾಕಿದೆ. ಸೀರೆಯ ಅಂಚು, ಕಾಲು, ಮಂಡಿಯವರೆಗೆ ಕಪ್ಪು. ಹೀಗೆ ನಾಲ್ಕು ದಿನ ಅರ್ಧರ್ಧ ಗಂಟೆ ನಡೆದದ್ದರಿಂದ ನನ್ನ ಮಂಡಿನೋವು ಎಷ್ಟೋ ವಾಸಿ. ಕುದುರೆ ಹಾಗೇ ಕುಂಟುತ್ತಿತ್ತು.

ಐದನೆಯ ದಿನ ನಿಂಗಮ್ಮ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬೀಗ್ರು ಬಂದಿದ್ರು ಕಣಕ್ಕ. ಸಂಡಿಗೆ ಕರ್ದಾಕ್ದೆ. 'ಎಳ್ಳು ಚೆನ್ನಾಗ್ ಹಾಕಿದ್ದೀರಿ' ಅಂದ್ರು. ನಾನು ಎಳ್ಳೇ ಹಾಕಿರ್ಲಿಲ್ಲ!"

ಪುಡಿ ಹಾರದಿರಲಿ ಎಂದು ದರ್ಜಿ ಅಂಗಡಿಯಿಂದ ಚಿಂದಿ ತಂದು ಮೇಲೆ ಹರಡಿದೆ. ತಿಮ್ಮಪ್ಪ ಅದರಲ್ಲಿ ಒಂದು ಹಸಿರು ತುಂಡನ್ನು ಆರಿಸಿ ಬಾಯಿಗೆ ಹಾಕಿಕೊಂಡ. ಅದನ್ನು ಹೊರಗೆ ಎಳೆಯಲು ಮುಕ್ಕಾಲು ಗಂಟೆ ಹಿಡಿಯಿತು. ಬೆವರು ಒರೆಸಿಕೊಂಡು ಕೂತೆ. ಮಳೆ ಬಂತು.

ಪುಡಿ ತೇಲಿತು! ಹಿತ್ತಿಲಿನಿಂದ ಚರಂಡಿಗೆ, ಚರಂಡಿಯಿಂದ ಕೆರೆಯ ದಿಕ್ಕಿಗೆ, ಕಪ್ಪಗೆ, ಸಾಲಾಗಿ ಹೊರಟಿತು. ನಾನು ಪೊರಕೆ ಹಿಡಿದು ಚರಂಡಿಗೆ ಅಡ್ಡ ನಿಂತಿದ್ದಾಗ ಮನೆ ಮುಂದೆ ಜೀಪು ನಿಂತಿತು. ಚಿಕ್ಕ ವಯಸ್ಸಿನ ಅಧಿಕಾರಿಯೊಬ್ಬರು ಕೊಡೆ ಹಿಡಿದು ಇಳಿದರು. ಅವರ ಕೈಯಲ್ಲಿ ನನ್ನ ಅರ್ಜಿ.

"ಇದನ್ನ ನೀವೇ ಬರೆದದ್ದಾ?"

"ಹೌದು ಸರ್."

"ಬಹಳ ಅಚ್ಚುಕಟ್ಟಾಗಿದೆ. ಆದೇಶ ಬಂದ ನಂತರವಷ್ಟೇ ಕ್ರಮ ಕೈಗೊಳ್ತೀನಿ ಅಂತ ಬರೆದಿದ್ದೀರಿ."

ನಾನು ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ಪುಡಿ ಎಲ್ಲಿಂದ ಬಂತು ಅನ್ನೋದಕ್ಕೆ ಕಾಗದ ಇದೆಯಾ? ಟೈರೊಳಗಿನ ತಂತಿ ಚೂರು ಇದೆಯೋ ಇಲ್ವೋ ಜಾಲಿಸಿ ನೋಡಿದ್ರಾ? ಮಳೆ ಬಂದ್ರೆ ಇದು ಎಲ್ಲಿಗೆ ಹೋಗುತ್ತೆ?"

ಮೂರನೆಯ ಪ್ರಶ್ನೆಗೆ ಚರಂಡಿಯೇ ಉತ್ತರ ಕೊಡುತ್ತಿತ್ತು.

"ನೋಡಿ ಅಮ್ಮಾ, ಕೆಲಸಕ್ಕೆ ಬಂದ್ರೆ ಅದು ಸಾಮಗ್ರಿ, ಬರಲಿಲ್ಲ ಅಂದ್ರೆ ಕಸ. ಕುದುರೆ ಇದರ ಮೇಲೆ ನಡೆಯುತ್ತಾ?"

"ಇಲ್ಲ ಸರ್. ನಾನು ನಡೀತೀನಿ."

ಅವರು ಮಂಡಿಯವರೆಗೆ ಕಪ್ಪಾದ ನನ್ನ ಕಾಲನ್ನು ನೋಡಿದರು. ಆಮೇಲೆ, ಒಂದು ವಾರದಲ್ಲಿ ಎಲ್ಲವನ್ನೂ ಬಳಿದು ತೆಗೆದು, ಅಂಗಡಿಗೇ ವಾಪಸು ಕೊಟ್ಟು ಚೀಟಿ ತರಬೇಕು ಎಂದು ಹೇಳಿ ಹೋದರು. ಅಂಗಡಿಯವನು ನನ್ನನ್ನು ಇನ್ನೊಮ್ಮೆ ಪುಣ್ಯಾತ್ಗಿತ್ತಿ ಎನ್ನಲಾರ ಎಂಬುದು ಖಚಿತವಾಯಿತು.

ತಂದದ್ದು ಹನ್ನೆರಡು ಮೂಟೆ, ಕೆರೆದು ತುಂಬಿದ್ದು ಹದಿನೈದು! ಹಿತ್ತಿಲಿನ ಮಣ್ಣೂ ಜೊತೆಗೆ ಬಂದಿತ್ತು. ಮೂಟೆಗಳನ್ನು ಟೆಂಪೋಗೆ ಏರಿಸಿ ತಿರುಗಿ ನೋಡಿದರೆ ಹಿಂಬಾಗಿಲು ತೆರೆದಿದೆ. ತಿಮ್ಮಪ್ಪ ಇಲ್ಲ.

ನನಗೆ ದಲ್ಲಾಳಿಯ ನೆನಪಾಯಿತು. ಚಪ್ಪಲಿಯಿಲ್ಲದೆ ಓಡಿದೆ.

ತಿಮ್ಮಪ್ಪ ನಿಂಗಮ್ಮನ ಹೊಲದಲ್ಲಿದ್ದ. ಉತ್ತು ಬಿಟ್ಟ ಹೊಲ, ಮಳೆ ಬಿದ್ದು ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ಅವನು ಬದುವಿನ ಪಕ್ಕದಲ್ಲೇ ನಿಧಾನವಾಗಿ ಕುಂಟುತ್ತ ನಡೆದು, ಹೊಂಗೆ ಮರದ ಹತ್ತಿರ ತಾನೇ ತಿರುಗಿ, ವಾಪಸು ಬಂದ. ಮತ್ತೆ ಹೋದ. ಮತ್ತೆ ಹೊಂಗೆ ಮರದ ಹತ್ತಿರವೇ ತಿರುಗಿದ. ಹಗ್ಗ ಹಿಡಿದವರು ಯಾರೋ ಜೊತೆಗಿದ್ದಾರೆ ಎನ್ನುವ ಹಾಗೆ.

ನಿಂಗಮ್ಮ ಬದುವಿನ ಮೇಲೆ ಕುಳಿತಿದ್ದಳು.

"ನಿಮ್ ಯಜಮಾನ್ರು ದಿನಾ ಇಲ್ಲೇ ತಿರುಗಾಡಿಸೋರು ಕಣಕ್ಕ. ನೀವು ಏಳೂವರೆ ಬಸ್ಸಿಗೆ ಅತ್ಲಾಗ್ ಹೋಗ್ತಿದ್ದಂಗೆ ಅವ್ರು ಇತ್ಲಾಗ್ ಬರೋರು. ಗೊಬ್ರ ಬೀಳ್ತದೆ ಅಂತ ನಾನೂ ಸುಮ್ಕಿದ್ದೆ."

"ನನಗೆ ಗೊತ್ತೇ ಇರಲಿಲ್ಲ, ನಿಂಗಮ್ಮ."

"ಕುದ್ರೆ ಜೊತೆ ಮಾತಾಡ್ಕೊಂಡೇ ನಡೆಯೋರು. ಎಲ್ಲಾ ನಿಮ್ ಸುದ್ದಿನೇ. 'ನಮ್ ಮೇಡಮ್ಮು ಇವತ್ತೂ ಚಟ್ನಿಗೆ ಉಪ್ಪಾಕಿಲ್ಲ ಕಣೋ ತಿಮ್ಮಪ್ಪ' ಅನ್ನೋರು."

ಮನೆಯಲ್ಲಿ ಅವರು ಒಂದು ದಿನವೂ ಉಪ್ಪಿನ ಮಾತೆತ್ತಿದವರಲ್ಲ. ನಾನು ಬದುವಿನ ಮೇಲೆ ಕೂತುಬಿಟ್ಟೆ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ ನೀನು?" ಎಂದೆ.

"ಹಾಸನದೋರ್ನ ಕೇಳುದ್ರಿ. ಟೈರಿನೋನ್ನ ಕೇಳುದ್ರಿ. ನನ್ನ ಎಲ್ ಕೇಳುದ್ರಿ?"

ಯುಗಾದಿ ಕಳೆದು ಡಾಕ್ಟರು ಬಂದಾಗ ತಿಮ್ಮಪ್ಪನ ಕುಂಟು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಇಟ್ಟುಕೊಳ್ಳಬಹುದು ಎಂದರು. ದಲ್ಲಾಳಿ ಮೂರನೆಯ ಸಲ ಬಂದು, ಕಾಫಿ ಕುಡಿದು ಹೋದ. ಪರಿಸರ ಕಚೇರಿಗೆ ಚೀಟಿಯೊಂದಿಗೆ ವರದಿ ಕಳಿಸಿದೆ: 'ಸದರಿ ಪುಡಿಯನ್ನು ತೆರವುಗೊಳಿಸಲಾಗಿದೆ. ಸದರಿ ಕುದುರೆಯನ್ನು ನೆರೆಯವರ ಹೊಲದಲ್ಲಿ ನಡೆಸಲಾಗುತ್ತಿದೆ.' ಗೊಬ್ಬರದ ವಿಷಯ ಬರೆಯಲಿಲ್ಲ. ಬರೆದರೆ ಮತ್ತೆ ಜೀಪು ಬಂದೀತು!

ಈಗ ನಾನು ಎಂಟೂವರೆ ಬಸ್ಸಿಗೆ ಹೋಗುತ್ತೇನೆ. ಅದಕ್ಕೆ ಮೊದಲು ಹಗ್ಗ ಹಿಡಿದು ಹೊಲದಲ್ಲಿ ಅರ್ಧ ಗಂಟೆ. ಎಲ್ಲಿ ತಿರುಗಬೇಕೆಂದು ನನಗಿನ್ನೂ ಸರಿಯಾಗಿ ಗೊತ್ತಾಗುವುದಿಲ್ಲ; ಹೊಂಗೆ ಮರ ಬಂದಾಗ ಅವನೇ ನನ್ನನ್ನು ತಿರುಗಿಸುತ್ತಾನೆ. ಚಟ್ನಿಗೆ ಮರೆಯದೆ ಉಪ್ಪು ಹಾಕುತ್ತಿದ್ದೇನೆ ಎಂದು ದಿನವೂ ಅವನ ಗಮನಕ್ಕೆ ತರುತ್ತೇನೆ. ಈ ಬಗ್ಗೆ ಅವನಿಂದ ಇದುವರೆಗೆ ಯಾವುದೇ ಉತ್ತರ ಬಂದಿರುವುದಿಲ್ಲ.