ಬೀಗರಿಗಾಗಿ ಎರಡನೇ ಚುನಾವಣೆ

ನಮ್ಮೂರಿನ ಮೇಯರ್ ಚುನಾವಣೆ ಎರಡು ಸಲ ನಡೆದದ್ದು ನಮ್ಮ ಬೀಗರಿಗೋಸ್ಕರ. ನಾನು ಹೇಳುತ್ತಿಲ್ಲ, ಅವರೇ ಹೇಳುವುದು. ನಾನು ಫೋನಿನಲ್ಲಿ ಕನ್ನಡ ಟೈಪು ಮಾಡಲು ಕಲಿತು ತಿಂಗಳಾಯಿತು. ಮೊದಲು ಯಾರ ಮಾನ ತೆಗೆಯಲಿ ಎಂದು ಯೋಚಿಸುವ ಕಷ್ಟವೇ ಬರಲಿಲ್ಲ.

ಬೀಗರೆಂದರೆ ನನ್ನ ಮಗಳ ಮಾವ. ಈ ದೂರದೇಶದಲ್ಲಿ, ಕ್ಯಾಂಪ್‌ಬೆಲ್ ಎಂಬ ಊರಿನ ಪಕ್ಕದ ಮಗಳ ಮನೆಯಲ್ಲಿ ಒಂದು ರೂಮು ಅವರದು, ಇನ್ನೊಂದು ನನ್ನದು. ಮೈಸೂರಿನಲ್ಲಿ ಮೇಷ್ಟರಾಗಿದ್ದವರು. ಚುನಾವಣೆ ಬಂತೆಂದರೆ ಯಾವುದೋ ಹಳ್ಳಿಯ ಬೂತಿಗೆ ಡ್ಯೂಟಿ. ಊರವರ ವೋಟೆಲ್ಲ ಹಾಕಿಸಿದರು, ತಮ್ಮದನ್ನು ಒಮ್ಮೆಯೂ ಹಾಕಲಿಲ್ಲ. ಇಲ್ಲಿ ಸಿಟಿಜನ್ ಆದಮೇಲೆ ಜೀವನದ ಮೊದಲ ವೋಟು ಅಂಚೆಯಲ್ಲಿ ಮನೆಗೇ ಬಂತು.

ಜೂನಿನಲ್ಲಿ ಊಟದ ಟೇಬಲ್ಲಿನ ಸುತ್ತ ಬೆಡ್‌ಶೀಟು ಕಟ್ಟಿ ಬೂತು ಮಾಡಿದರು. ನಾನು ಉಪ್ಪಿನಕಾಯಿ ಜಾಡಿ ತರಲು ಕೈ ತೂರಿಸಿದೆ.

"ಬೀಗಿತ್ತಿಯವ್ರೇ, ನಿಮ್ದು ಗ್ರೀನ್ ಕಾರ್ಡು. ವೋಟಿಲ್ದೋರು ನೂರು ಮೀಟರ್ ಆಚೆ ಇರ್ಬೇಕು."

ನೂರು ಮೀಟರ್ ಆಚೆ ಹೋದರೆ ಫ್ರೀವೇ!

ಕವರಿನ ಮೇಲೆ ಸಹಿ ಹಾಕಬೇಕಿತ್ತು. ಹಾಕಲಿಲ್ಲ. "ಗುಪ್ತ ಮತದಾನ ಅಂದ್ಮೇಲೆ ಯಾರಾದ್ರೂ ಹೆಸ್ರು ಬರ್ದು ಕೊಡ್ತಾರಾ?" ಸಹಿ ಮಾಡಿ ಕಳಿಸಿ ಎಂದು ಚುನಾವಣಾ ಕಚೇರಿಯಿಂದ ಕಾಗದ ಬಂತು. ಸಹಿ ಕೇಳುವ ಕಾಗದವೆಲ್ಲ ಮೋಸ ಎಂದು ಅವರ ಮಗ, ಅಂದರೆ ನನ್ನ ಅಳಿಯ, ಪಾಠ ಮಾಡಿದ್ದನಲ್ಲ, ಹರಿದು ಬಿಸಾಕಿದರು. ವೋಟು ಲೆಕ್ಕಕ್ಕೆ ಸೇರಲಿಲ್ಲ.

ಅಷ್ಟರಲ್ಲಿ ಸುದ್ದಿ: ಯಾರಿಗೂ ಅರ್ಧಕ್ಕಿಂತ ಹೆಚ್ಚು ವೋಟು ಬಿದ್ದಿಲ್ಲ, ಮುಂದಿರುವ ಇಬ್ಬರ ನಡುವೆ ನವೆಂಬರಿನಲ್ಲಿ ಮತ್ತೆ ಚುನಾವಣೆ. ಅದಕ್ಕೆ ರನಾಫ್ ಎನ್ನುತ್ತಾರಂತೆ.

"ನೋಡಿದ್ರಾ? ನಂದೊಂದು ಬೀಳ್ಲಿಲ್ಲ, ಮರುಮತದಾನ ಇಟ್ಟಿದಾರೆ."

ಆಮೇಲೆ ದಿನಾ ಇಬ್ಬರ ಕರಪತ್ರಗಳೂ ಬರತೊಡಗಿದವು. ಇಬ್ಬರೂ ಜನರಿಗೆ ಮನೆ ಕಟ್ಟಿಸುತ್ತೇವೆ ಎನ್ನುವವರೇ, ಇಬ್ಬರೂ ಎದುರಾಳಿ ಕಟ್ಟಿಸಲಿಲ್ಲ ಎನ್ನುವವರೇ. ಫೋಟೋದಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡ ನಾಯಿ ಮಾತ್ರ ಬೇರೆ ಬೇರೆ. ಬೀಗರು ಕನ್ನಡಕ ಹಾಕಿಕೊಂಡು, ಅಡಿಗೆರೆ ಎಳೆದು ಎಲ್ಲವನ್ನೂ ಓದಿದರು. ನಾಯಿಗಳನ್ನೂ ನೋಡಿದರು.

ನವೆಂಬರಿನಲ್ಲಿ ಮತ್ತೆ ಬೆಡ್‌ಶೀಟು, ಮತ್ತೆ ಸಹಿಯ ತಕರಾರು.

"ತಾತಾ, ಜಸ್ಟ್ ಸೈನ್ ಇಟ್," ಎಂದಳು ಮೊಮ್ಮಗಳು.

ನಾನು ಹೇಳಿದೆ: "ಬೀಗ್ರೇ, ಚೀಟಿ ಒಳಗಿದೆ. ಸಹಿ ಹೊರಗಿನ ಕವರಿಗೆ. ಬೂತಲ್ಲಿ ರಿಜಿಸ್ಟರಿಗೆ ಹಾಕಿಸ್ಕೊಳ್ತಿದ್ರಲ್ಲ, ಅದೇ ಇದು."

ಕವರನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನ ಜೂನಲ್ಲೇ ಯಾಕೆ ಹೇಳ್ಲಿಲ್ಲ?"

"ಜೂನಲ್ಲಿ ನಾನು ನೂರು ಮೀಟರ್ ಆಚೆ ಇದ್ದೆ."

ಸಹಿ ಹಾಕಿದರು.

ವಾರದ ಮೇಲೆ ಅವರ ಫೋನಿಗೆ ಚುನಾವಣಾ ಕಚೇರಿಯ ಮೆಸೇಜು ಬಂತು. ಕನ್ನಡಕ ಸಿಗಲಿಲ್ಲವೆಂದು ನನ್ನ ಕೈಗೆ ಕೊಟ್ಟರು. ಅವರ ವೋಟು ಎಣಿಕೆಗೆ ಸೇರಿತ್ತು. ಯಾರು ಗೆದ್ದರೆಂದು ಬೀಗರು ಕೇಳಲೇ ಇಲ್ಲ.

"ನಮ್ಮನೇವ್ಳು ಪ್ರತಿ ಸಲ ವೋಟು ಹಾಕಿ ಬಂದು ಹೇಳೋಳು, 'ಬೂತಲ್ಲಿ ನನ್ ಹೆಸ್ರು ಕೂಗಿದ್ರು, ನಿಮ್ದು ಕೂಗ್ಲೇ ಇಲ್ಲ ಕಣ್ರೀ' ಅಂತ. ಈಗ ಹೇಳೋಣ ಅಂದ್ರೆ ಅವ್ಳೇ ಇಲ್ಲ."

ನಾನು ಫೋನನ್ನು ಹಿಡಿದುಕೊಂಡು, ಬೂತಿನಲ್ಲಿ ಕೂಗುವ ಹಾಗೆ, ಅವರ ಪೂರ್ತಿ ಹೆಸರನ್ನು, ಮೆಸೇಜಿನಲ್ಲಿಲ್ಲದ ಅವರ ತಂದೆಯ ಹೆಸರನ್ನೂ ಸೇರಿಸಿ ಗಟ್ಟಿಯಾಗಿ ಕೂಗಿದೆ.

ಬೀಗರು ಪಂಚೆ ಸರಿಮಾಡಿಕೊಂಡು ಎದ್ದು ನಿಂತರು.